ಪತ್ರದೊಳಗಿನ ಗೆಳೆಯ, ಪಕ್ಕದಲ್ಲಿ ಕೂತ ಗೆಳತಿ

ಹತ್ತನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಒಬ್ಬ ಗೆಳೆಯನಿದ್ದಾನೆ. ಅವನ ವಾಸ ಯಾವಾಗಲೂ ಬೇರೆ ಊರಿನಲ್ಲಿ. ಒಮ್ಮೆ ಅವನಿಗೆ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿರುತ್ತದೆ, ಒಮ್ಮೆ ಅವನನ್ನು ಅಕ್ಕನ ಮದುವೆಗೆ ಕರೆಯಬೇಕಾಗುತ್ತದೆ, ಇನ್ನೊಮ್ಮೆ ಹಂಪಿಗೆ ಹೋಗಿಬಂದ ಪ್ರವಾಸದ ಸುದ್ದಿಯನ್ನು ಅವನಿಗೆ ಹೇಳದೆ ಗತಿಯಿರುವುದಿಲ್ಲ. ಬಲಮೂಲೆಯಲ್ಲಿ ವಿಳಾಸ, ಅದರ ಕೆಳಗೆ ತಾರೀಖು, ಆಮೇಲೆ ‘ಮೈ ಡಿಯರ್ ಫ್ರೆಂಡ್’. ‘ಐ ಆಮ್ ಫೈನ್ ಹಿಯರ್’ ಎಂದು ಶುರುವಾಗಿ, ತಂದೆತಾಯಿಗೆ ನಮಸ್ಕಾರ ತಿಳಿಸು ಎಂದು ಮುಗಿದು, ಕೊನೆಗೆ ಸಹಿಯ ಜಾಗದಲ್ಲಿ ಎಕ್ಸ್ ವೈ ಜೆಡ್. ಪರೀಕ್ಷೆಯಲ್ಲಿ ಸ್ವಂತ ಹೆಸರು ಬರೆಯುವ ಹಾಗಿಲ್ಲವಲ್ಲ! ಬಳ್ಳಾರಿ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಈ ಎಕ್ಸ್ ವೈ ಜೆಡ್ ತನ್ನ ಗೆಳೆಯನಿಗೆ ಬರೆದ ಪತ್ರಗಳನ್ನು ಕಟ್ಟುಗಟ್ಟಲೆ ಓದಿದ್ದೇನೆ. ಗೆಳೆಯ ಒಂದಕ್ಕೂ ಉತ್ತರ ಬರೆದದ್ದಿಲ್ಲ.

ಈ ಪದ್ಧತಿ ನಮ್ಮ ಪರೀಕ್ಷಾ ಮಂಡಳಿಯವರು ಹುಟ್ಟಿಸಿದ್ದಲ್ಲ. 1739ರಲ್ಲಿ ಲಂಡನ್ನಿನ ಇಬ್ಬರು ಪುಸ್ತಕ ವ್ಯಾಪಾರಿಗಳು ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಎಂಬ ಮುದ್ರಕನ ಹತ್ತಿರ ಹೋಗಿ, ಹಳ್ಳಿಗಾಡಿನ ಜನ ನೋಡಿಕೊಂಡು ಬರೆಯಲು ಅನುಕೂಲವಾಗುವಂತೆ ಮಾದರಿ ಪತ್ರಗಳ ಒಂದು ಪುಸ್ತಕ ಮಾಡಿಕೊಡಿ ಎಂದು ಕೇಳಿದರು. ಆಪ್ತ ಗೆಳೆಯರಿಗೆ, ಆಪ್ತ ಗೆಳೆಯರ ಪರವಾಗಿ ಬರೆದ ಪತ್ರಗಳು ಎಂಬರ್ಥದ ಉದ್ದ ಹೆಸರು ಹೊತ್ತು ಅದು 1741ರಲ್ಲಿ ಹೊರಬಂತು. ಅದನ್ನು ಬರೆಯುವ ನಡುವೆ, ಮನೆಗೆಲಸದ ಹುಡುಗಿಯೊಬ್ಬಳ ಪತ್ರಗಳು ಅವನ ತಲೆಯಲ್ಲಿ ಬೆಳೆಯುತ್ತಾ ಹೋಗಿ ‘ಪಮೇಲಾ’ ಎಂಬ ಕಾದಂಬರಿಯೇ ಆಗಿಬಿಟ್ಟಿತು. ಅದು ಮಾದರಿ ಪುಸ್ತಕಕ್ಕಿಂತ ಮೊದಲೇ, 1740ರಲ್ಲಿ, ಅಚ್ಚಾಯಿತು. ಇಂಗ್ಲಿಷ್ ಕಾದಂಬರಿಯ ಮೊದಮೊದಲ ದೊಡ್ಡ ಹೆಸರುಗಳಲ್ಲಿ ಅದೂ ಒಂದು. ನಮ್ಮ ಎಕ್ಸ್ ವೈ ಜೆಡ್‌ನ ಮನೆತನ ಸಣ್ಣದೇನಲ್ಲ ಅಂತಾಯಿತು.

ಸ್ನೇಹವನ್ನು ಪಾಠ ಮಾಡಿ ಹೇಳುವ ಚಟ ಇನ್ನೂ ಹಳೆಯದು. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಸ್ನೇಹದ ಮೇಲೊಂದು ಪುಸ್ತಕ ಬರೆದು ಗೆಳೆಯ ಆಟಿಕಸ್‌ಗೆ ಅರ್ಪಿಸಿದ. ಒಳ್ಳೆಯವರ ನಡುವೆ ಮಾತ್ರ ಸ್ನೇಹ ಸಾಧ್ಯ ಎಂಬುದು ಅದರ ತಿರುಳು. ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟ ಹಾಕಿದ ಕ್ಯಾಕ್ಸ್‌ಟನ್ 1481ರಲ್ಲಿ ಅದರ ಇಂಗ್ಲಿಷ್ ಅನುವಾದ ಮುದ್ರಿಸಿದ, 1484ರಲ್ಲಿ ಈಸೋಪನ ಕಥೆಗಳನ್ನು ಮುದ್ರಿಸಿದ. ಲ್ಯಾಟಿನ್ ಕಲಿಯುವ ಅಲ್ಲಿನ ಹುಡುಗರು ವ್ಯಾಕರಣದ ಜೊತೆಗೇ ಸ್ನೇಹದ ಉಪದೇಶವನ್ನೂ ನುಂಗುತ್ತಿದ್ದರು. ಆ ಅಭ್ಯಾಸವೇ ಇಂಗ್ಲಿಷ್ ರೀಡರುಗಳ ಒಳಗೆ ಸೇರಿ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಮರ ಹತ್ತಿ ಕೂತ ಗೆಳೆಯ, ಉಸಿರು ಬಿಗಿಹಿಡಿದು ಮಲಗಿದ ಗೆಳೆಯ, ಕಿವಿಯಲ್ಲಿ ಬುದ್ಧಿ ಹೇಳಿ ಹೋದ ಕರಡಿ, ಇವರನ್ನು ಕಾಣದೆ ಇಂಗ್ಲಿಷ್ ಕಲಿತವರು ನಮ್ಮಲ್ಲಿ ಯಾರಿದ್ದಾರೆ? ‘ಎ ಫ್ರೆಂಡ್ ಇನ್ ನೀಡ್’ ಗಾದೆಯನ್ನು ಹತ್ತು ಸಾಲಿಗೆ ಹಿಗ್ಗಿಸದೆ ಪಾಸಾದವರಾದರೂ ಯಾರು?

ಇದರ ವಿಚಿತ್ರ ನನಗೆ ಹೊಳೆದದ್ದು ಸ್ಟಾಫ್ ರೂಮಿನಲ್ಲಿ. ಕನ್ನಡದ ಮೇಷ್ಟ್ರು ಅದೇ ಹತ್ತನೇ ತರಗತಿಗೆ ಪಂಪನ ದ್ರೋಣ-ದ್ರುಪದರ ಪ್ರಸಂಗ ಪಾಠ ಮಾಡಿ ಬರುತ್ತಿದ್ದರು. ಒಟ್ಟಿಗೆ ಓದಿದ ಇಬ್ಬರು. ಒಬ್ಬ ರಾಜನಾದ, ಇನ್ನೊಬ್ಬ ಬಡವನಾಗಿಯೇ ಉಳಿದು ಹಳೆಯ ಸಲಿಗೆಯಲ್ಲಿ ಅರಮನೆ ಬಾಗಿಲಿಗೆ ಬಂದ. ಒಳಗಿದ್ದವನು ನೀನು ಯಾರೋ ಗೊತ್ತಿಲ್ಲ ಎಂದುಬಿಟ್ಟ. ಸಹಪಾಠಿಗಳ ಸ್ನೇಹ ಏನಾಗಬಹುದು ಎಂಬುದನ್ನು ಪಂಪ 941ರ ಸುಮಾರಿಗೇ ಹೀಗೆ ಮುಚ್ಚುಮರೆಯಿಲ್ಲದೆ ಹೇಳಿಟ್ಟಿದ್ದಾನೆ. ಮಕ್ಕಳು ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಅದನ್ನು ಓದಿ, ಮೂರನೆಯದರಲ್ಲಿ ನನ್ನ ಹತ್ತಿರ ಬಂದು ಗೆಳೆಯ ಎಂದರೆ ಕಷ್ಟಕ್ಕಾಗುವವನು ಎಂದು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದರು. ಎರಡನ್ನೂ ಒಂದೇ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಅವರಿಗೇನೂ ತೊಂದರೆ ಇರಲಿಲ್ಲ, ಕಸಿವಿಸಿ ನನಗೇ.

ಅದಕ್ಕೇ ಕರಡಿಯನ್ನು ಬದಿಗಿಟ್ಟು ಓ. ಹೆನ್ರಿಯ ‘ಆಫ್ಟರ್ ಟ್ವೆಂಟಿ ಇಯರ್ಸ್’ ಕಥೆ ಹೇಳತೊಡಗಿದೆ. ಇಪ್ಪತ್ತು ವರ್ಷದ ಹಿಂದೆ ಕೊಟ್ಟ ಮಾತಿನಂತೆ ಗೆಳೆಯನನ್ನು ಕಾಣಲು ಬಂದವನು ಈಗ ಪೊಲೀಸರಿಗೆ ಬೇಕಾದ ಆಸಾಮಿ. ಅವನು ಯಾರಿಗಾಗಿ ಕಾಯುತ್ತಿದ್ದಾನೋ ಆ ಗೆಳೆಯನೇ ಪೊಲೀಸ್. ಬಂದವನ ಮುಖ ಬೆಂಕಿಕಡ್ಡಿಯ ಬೆಳಕಲ್ಲಿ ಕಂಡು, ತಾನೇ ಹಿಡಿಯಲು ಕೈ ಬಾರದೆ ಸುಮ್ಮನೆ ಹೋಗಿ ಇನ್ನೊಬ್ಬನನ್ನು ಕಳಿಸುತ್ತಾನೆ. ಕಥೆ ಮುಗಿದದ್ದೇ ತಡ, ಇಂಗ್ಲಿಷ್ ಕಿಟಕಿಯಿಂದ ಹಾರಿಹೋಯಿತು.

“ಅವ್ನು ಗೆಳೆಯನೇ ಅಲ್ಲ ಬಿಡ್ರಿ ಮೇಡಂ. ಅಷ್ಟು ದೂರದಿಂದ ನಂಬಿ ಬಂದಾನ, ಹಿಡಿದು ಕೊಟ್ಟೇಬಿಟ್ನಲ್ಲ!”

“ಸುಮ್ನಿರಲೇ. ತಾನ ಹಿಡೀಲಿಕ್ಕೆ ಮನಸ್ಸಾಗದ ಬ್ಯಾರೆಯವ್ರನ್ನ ಕಳಿಸ್ಯಾನ. ಅವಂಗೂ ಕರುಳು ಚುರ್ ಅಂದೈತಿ.”

ಹಿಂದಿನ ಬೆಂಚಿನಿಂದ ಒಂದು ದನಿ: “ಹಂಗಾದ್ರ ದುರ್ಯೋಧನ ಕರ್ಣನ್ನ ಹಿಡಿದುಕೊಡ್ತಿದ್ನೇನ್ರಿ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಮಾತಿನ ಬಿಸಿಯಲ್ಲೇ, ಪೊಲೀಸಿನ ಪರ ಇರುವವರು ಎರಡು ವಾಕ್ಯ, ವಿರೋಧ ಇರುವವರು ಎರಡು ವಾಕ್ಯ ಇಂಗ್ಲಿಷಿನಲ್ಲಿ ಬರೆಯಿರಿ ಎಂದೆ. ಗಾದೆ ವಿಸ್ತರಿಸುವಾಗ ಬಾರದ ವಾಕ್ಯಗಳು ಬಂದವು. ಒಂದು ಪದ ಗೊತ್ತಾಗದಿದ್ದರೆ ಪಕ್ಕದವಳನ್ನು ಕೇಳಿದರು, ಅವಳಿಗೂ ಗೊತ್ತಿಲ್ಲದಿದ್ದರೆ ಹಿಂದಕ್ಕೆ ತಿರುಗಿದರು. ತರಗತಿ ಸಂತೆಯಾಯಿತು.

ಸಂತೆಯೇ ತಪ್ಪು ಎನ್ನುವುದು ನಮ್ಮ ಇಂಗ್ಲಿಷ್ ಶಾಲೆಗಳ ಹಳೆಯ ನಂಬಿಕೆ. ಗೆಳೆತನ ಪಾಠದಲ್ಲಿದ್ದರೆ ಸದ್ಗುಣ, ಬೆಂಚಿನ ಮೇಲೆ ನಡೆದರೆ ಪಿಸುಮಾತು, ಪರೀಕ್ಷೆಯಲ್ಲಾದರೆ ನಕಲು. ಇದಕ್ಕಿಂತ ಹಿಂದಿನ ಶಾಲೆಗಳು ಹೀಗಿರಲಿಲ್ಲ ಎನ್ನುವುದಕ್ಕೆ ನಮ್ಮ ಬಳ್ಳಾರಿಯದೇ ದಾಖಲೆ ಇದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಕನ್ನಡ ಶಾಲೆಗಳು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ಅಷ್ಟೂ ಮಕ್ಕಳಲ್ಲಿ ಹೆಣ್ಣುಮಕ್ಕಳು ಅರವತ್ತು. ಆ ಸಂಖ್ಯೆ ಓದಿದ ಮೇಲೆ ಕೂಲಿಮಠದ ಕಾಲ ಚಿನ್ನದ ಕಾಲ ಎಂದು ಹಾಡುವವರ ಜೊತೆ ನಾನು ದನಿ ಸೇರಿಸಲಾರೆ.

ಆದರೂ ವರದಿಯ ಒಳಗಿನ ಚಿತ್ರ ಸೊಗಸಾಗಿದೆ. ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನಿಗೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಾಗೇ ಏರುತ್ತಾ ಹೋಗುತ್ತದೆ. ಕೊನೆಗೆ ಬಂದವನ ಪಾಡು ದೇವರೇ ಬಲ್ಲ! ಆಮೇಲೆ ಮಕ್ಕಳನ್ನು ಗುಂಪು ಮಾಡಿ, ಮುಂದಿರುವವರ ಕೈಗೆ ಹಿಂದಿರುವವರನ್ನು ಒಪ್ಪಿಸುತ್ತಾರೆ. ಐಗಳು ಮೇಲ್ವಿಚಾರಣೆ ಮಾಡುತ್ತಾರೆ. ಅರ್ಥ ತಿಳಿಯದೆ ಪದ್ಯಗಳನ್ನು ಉರುಹೊಡೆಸುವುದನ್ನು ಕ್ಯಾಂಪ್‌ಬೆಲ್ ಟೀಕಿಸುತ್ತಾನೆ. ಆದರೆ ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಈ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದೂ ಬರೆಯುತ್ತಾನೆ.

ಇಂಗ್ಲೆಂಡು ಅನುಕರಿಸಿದ ಕಥೆ ಇದು. ಆಂಡ್ರೂ ಬೆಲ್ ಎಂಬ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರ್‌ನ ಅನಾಥ ಗಂಡುಮಕ್ಕಳ ಆಶ್ರಮಕ್ಕೆ ಮೇಲ್ವಿಚಾರಕನಾದ. ದೇಸಿ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಕೂತು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡು, ತನ್ನ ಶಾಲೆಯಲ್ಲೂ ಹೀಗೇ ಮಾಡಿ ಎಂದ. ಉಪಾಧ್ಯಾಯರು ಒಪ್ಪಲಿಲ್ಲ. ಬೆಲ್ ಅವರನ್ನು ಬಿಟ್ಟು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಅಕ್ಷರಾಭ್ಯಾಸದ ತರಗತಿ ಕೊಟ್ಟ. ಹುಡುಗ ಗೆದ್ದ. 1797ರಲ್ಲಿ ಬೆಲ್ ಈ ಅನುಭವವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅಲ್ಲಿ ಇದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರು ಬಿತ್ತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನಲ್ಲಿ ಮದ್ರಾಸ್ ಕಾಲೇಜ್ ಎಂಬ ಶಾಲೆ ಇವತ್ತಿಗೂ ಇದೆ. ನಾವು ಮಾತ್ರ ಬೆಂಚು, ಗಂಟೆ, ಹಾಜರಿ ಪುಸ್ತಕ ತರಿಸಿಕೊಂಡು ಪಕ್ಕದವನೊಂದಿಗೆ ಮಾತಾಡಿದರೆ ಕಿವಿ ಹಿಂಡುವುದನ್ನು ಕಲಿತೆವು.

ಅಂಥ ಶಾಲೆಯ ಸ್ನೇಹವನ್ನು ಇಂಗ್ಲಿಷಿನಲ್ಲೇ ಬರೆದು ತೋರಿಸಿದವರು ಮೈಸೂರಿನ ಆರ್. ಕೆ. ನಾರಾಯಣ್. ತಂದೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರ್. ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಫೇಲ್! ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಅಚ್ಚಾದದ್ದೂ ಸ್ನೇಹದ ದೆಸೆಯಿಂದಲೇ. ಪ್ರಕಾಶಕರು ಒಬ್ಬರ ಹಿಂದೊಬ್ಬರು ತಿರಸ್ಕರಿಸಿದ ಹಸ್ತಪ್ರತಿಯನ್ನು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ, ಗ್ರಹಾಂ ಗ್ರೀನ್‌ಗೆ ಓದಲು ಕೊಟ್ಟರು. ಗ್ರೀನ್ ಪ್ರಕಾಶಕರನ್ನು ಹುಡುಕಿಕೊಟ್ಟರು, ಪುಸ್ತಕದ ಹೆಸರನ್ನೂ ಬದಲಿಸಿದರು. ಕಾದಂಬರಿಯಲ್ಲಿ ರಾಜಂ ಎಂಬ ಹುಡುಗ ದೊರೆಗಳ ಹಾಗೆ ಇಂಗ್ಲಿಷ್ ಮಾತಾಡುತ್ತಾನೆ. ಸ್ವಾಮಿ ಅವನಿಗೆ ಮನಸೋಲುತ್ತಾನೆ. ಕೊನೆಗೆ ರಾಜಂ ಊರು ಬಿಟ್ಟು ಹೋಗುವಾಗ ಸ್ವಾಮಿ ಸ್ಟೇಷನ್ನಿಗೆ ಕೊಡಲು ಒಯ್ಯುವುದು ಆಂಡರ್ಸನ್ನನ ಇಂಗ್ಲಿಷ್ ಕಥೆ ಪುಸ್ತಕ. ರೈಲು ಹೊರಟ ಮೇಲೆ, ಅವನು ನನಗೆ ಕಾಗದ ಬರೆಯುತ್ತಾನಾ, ನನ್ನ ವಿಳಾಸ ಅವನಿಗೆ ಗೊತ್ತಿದೆಯಾ ಎಂದು ಸ್ವಾಮಿ ಇನ್ನೊಬ್ಬ ಗೆಳೆಯ ಮಣಿಯನ್ನು ಕೇಳುತ್ತಾನೆ. ಮಣಿ ಹೂಂ ಅನ್ನುತ್ತಾನೆ. ನಿಜ ಹೇಳಿದನೋ ಸಮಾಧಾನಕ್ಕೆ ಹೇಳಿದನೋ ನಾರಾಯಣ್ ಬಿಡಿಸಿ ಹೇಳುವುದಿಲ್ಲ. ಇಂಗ್ಲಿಷ್ ತರಗತಿಯ ಗೆಳೆಯನ ಪತ್ರದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಪುಟ ನನಗೆ ಸಿಕ್ಕಿಲ್ಲ.

ವಿಳಾಸದ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಕೂಡ್ಲಿಗಿ ಕಡೆಯ ನಮ್ಮ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ, ಜೊತೆಗೆ ಮಕ್ಕಳೂ. ಒಂದು ವರ್ಷ ಪತ್ರದ ಅಭ್ಯಾಸಕ್ಕೆ, ಸುಮ್ಮನೆ ಯಾರಿಗೋ ಬೇಡ, ನಿಮಗೆ ಬೇಕಾದವರಿಗೇ ಬರೆಯಿರಿ ಎಂದಿದ್ದೆ. ಒಬ್ಬ ಹುಡುಗಿ ಬೆಂಗಳೂರಿಗೆ ಹೋದ ಗೆಳತಿಗೆ ಬರೆದಳು. ವಿಳಾಸ: ಹೆಬ್ಬಾಳದ ಬ್ರಿಜ್ಜು ದಾಟಿ, ಕಟ್ಟುತ್ತಿರುವ ಬಿಲ್ಡಿಂಗು, ತಗಡಿನ ಶೆಡ್ಡು. ಪಿನ್‌ಕೋಡ್ ಜಾಗ ಖಾಲಿ. ಒಳಗೆ ‘ಐ ಆಮ್ ಫೈನ್’ ಇರಲಿಲ್ಲ. ನಿನ್ನ ಮೇಕೆ ಎರಡು ಮರಿ ಹಾಕಿದೆ, ಒಂದು ಕರೀದು. ನಿನ್ನ ಕಂಪಾಸ್ ಬಾಕ್ಸ್ ನನ್ನ ಹತ್ತಿರ ಇದೆ, ಪರೀಕ್ಷೆಗೆ ಬರ್ತೀಯಾ ಇಲ್ಲವಾ ಹೇಳು, ಬಾರದಿದ್ದರೆ ನಾನೇ ಇಟ್ಟುಕೊಳ್ಳುತ್ತೇನೆ. ‘ಹ್ಯಾವ್’ ಬರಬೇಕಾದಲ್ಲೆಲ್ಲ ‘ಹ್ಯಾಸ್’. ನಮೂನೆಗೆ ಇಷ್ಟು, ಒಕ್ಕಣೆಗೆ ಇಷ್ಟು ಎಂದು ಹಂಚುವ ಅಂಕಪಟ್ಟಿ ಹಿಡಿದರೆ ಅದು ಅರೆಪಾಸು. ಪಟ್ಟಿಯನ್ನು ಮೇಜಿನ ಖಾನೆಗೆ ಹಾಕಿ ಪೂರ್ತಿ ಅಂಕ ಕೊಟ್ಟೆ.

ಸ್ವಾತಂತ್ರ್ಯದ ನಂತರದ ಕೆಲವು ದಶಕ ಇಂಗ್ಲಿಷ್ ತರಗತಿಯಿಂದ ಪತ್ರದ ಆ ಗೆಳೆಯನೂ ಮಾಯವಾಗಿದ್ದ. ವಾಕ್ಯರಚನೆಗಳನ್ನು ಒಂದೊಂದಾಗಿ ಅರೆದು ಕುಡಿಸುವ ಸ್ಟ್ರಕ್ಚರಲ್ ಪದ್ಧತಿ ಬಂದು ಪೆನ್ನು, ಪುಸ್ತಕ, ಬಾಗಿಲು ಇವೇ ಪಾಠದ ಪಾತ್ರಗಳಾದವು. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ತಲೆಮಾರುಗಳ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿತು. ಅದೇ ಬೆಂಗಳೂರಿನಲ್ಲಿ 1979ರಲ್ಲಿ ಎನ್. ಎಸ್. ಪ್ರಭು ಹೊಸ ಪ್ರಯೋಗ ಹೂಡಿದರು. ವ್ಯಾಕರಣ ಹೇಳಿಕೊಡುವುದೇ ಬೇಡ; ರೈಲ್ವೆ ವೇಳಾಪಟ್ಟಿ, ನಕಾಶೆಗಳನ್ನು ಮುಂದಿಟ್ಟು ಲೆಕ್ಕ ಬಿಡಿಸಲು ಬಿಡಿ, ತಲೆ ಅರ್ಥದ ಹಿಂದೆ ಓಡುತ್ತಿರುವಾಗ ಭಾಷೆ ತಾನೇ ಕೂಡಿಬರುತ್ತದೆ ಎಂಬುದು ಅವರ ವಾದ. 1984ರವರೆಗೆ ಕೆಲವೇ ಶಾಲೆಗಳಲ್ಲಿ ನಡೆದ ಇದು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಜಗತ್ತಿನ ಭಾಷಾಬೋಧನೆಯ ಪುಸ್ತಕಗಳನ್ನೆಲ್ಲ ಸೇರಿತು. ನಮ್ಮ ತಾಲ್ಲೂಕಿನ ಶಾಲೆಗಳಿಗೆ ಸುದ್ದಿ ಮುಟ್ಟಲಿಲ್ಲ, ಅದು ಬೇರೆ ಮಾತು.

ಪ್ರಭು ಗುಂಪು ಕೆಲಸದ ಪರವಾಗಿರಲಿಲ್ಲ. ಅರೆಬರೆ ಇಂಗ್ಲಿಷಿನ ಮಕ್ಕಳು ಒಬ್ಬರದೊಬ್ಬರು ಕೇಳಿದರೆ ಅರೆಬರೆಯೇ ಗಟ್ಟಿಯಾಗುತ್ತದೆ ಎಂಬ ಅಳುಕು ಅವರಿಗಿತ್ತು. ಆದರೆ ಲೆಕ್ಕ ಬಿಡಿಸುವಾಗ ಮಗು ತಾನಾಗಿ ಪಕ್ಕದವರನ್ನು ಕೇಳಿದರೆ ತಡೆಯುತ್ತಿರಲಿಲ್ಲ. ನನಗೆ ಇದು ಹಿಡಿಸಿತು. ಗುಂಪು ಮಾಡಿ ಕೂರಿಸಿದ ಮಾತ್ರಕ್ಕೆ ಯಾರೂ ಗೆಳತಿಯರಾಗುವುದಿಲ್ಲ. ಯಾರನ್ನು ಕೇಳಬೇಕೆಂಬುದು ಮಗುವಿಗೇ ಗೊತ್ತು. 1995ರಲ್ಲಿ ಎಚ್. ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಚಿಕ್ಕ ತರಗತಿಗಳ ಮಕ್ಕಳು ಬೆರೆತು ಕೂರುತ್ತಾರೆ, ಮುಂದಿರುವವರು ಹಿಂದಿರುವವರಿಗೆ ಹೇಳಿಕೊಡುತ್ತಾರೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಮತ್ತೆ ಬೆಂಚು, ಮತ್ತೆ ಕೈಕಟ್ಟು ಬಾಯ್ಮುಚ್ಚು.

ನನ್ನ ಓ. ಹೆನ್ರಿ ತರಗತಿ ನಡೆಯುವಾಗಲೇ ಒಮ್ಮೆ ವಿಷಯ ಪರಿವೀಕ್ಷಕರು ಬಂದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಭೇಟಿ ಪುಸ್ತಕದಲ್ಲಿ ‘ಮಕ್ಕಳು ಪರಸ್ಪರ ಮಾತನಾಡುತ್ತಿದ್ದರು, ತರಗತಿಯಲ್ಲಿ ಶಿಸ್ತು ಸಾಲದು’ ಎಂದು ಬರೆದು ಅನುಪಾಲನಾ ವರದಿ ಕೇಳಿ ಹೋದರು. ನಾನು ವರದಿಯಲ್ಲಿ, ಇದೇ ಜಿಲ್ಲೆಯ ಕಲೆಕ್ಟರ್ ಸಾಹೇಬರು 1823ರಲ್ಲಿ ಈ ಕ್ರಮವನ್ನು ಮೆಚ್ಚಿ ಸರ್ಕಾರಕ್ಕೆ ಬರೆದಿರುವುದನ್ನು ತಮ್ಮ ಅವಗಾಹನೆಗೆ ತರಲಾಗಿದೆ ಎಂದು ಬರೆದು ಹೆಡ್‌ಮಾಸ್ತರರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಎರಡು ಸಲ ಓದಿ, “ಯಾಕ್ರಮ್ಮಾ, ನನ್ನ ರಿಟೈರ್‌ಮೆಂಟಿಗೆ ಎರಡೇ ವರ್ಷ ಐತಿ” ಎಂದರು. ಆ ಸಾಲು ಹೊಡೆದುಹಾಕಿ, ‘ಸೂಚನೆಯಂತೆ ಕ್ರಮ ವಹಿಸಲಾಗಿದೆ’ ಎಂದು ತಿದ್ದಿ ಸಹಿ ಮಾಡಿದರು. ತರಗತಿ ಹಾಗೇ ನಡೆಯಿತು, ಬಾಗಿಲು ಮಾತ್ರ ಮುಚ್ಚಿಕೊಳ್ಳುತ್ತಿದ್ದೆವು.