ಮಳೆ ಬಿಟ್ಟ ಮೇಲೆ ಮನೆ ನೋಡೋ ಪದ್ಧತಿ, ಆಮೇಲೆ ಬಂದ ವಿಮೆ

ಮಳೆಗಾಲ ಮುಗಿದು ಬಿಸಿಲು ಬಿತ್ತು ಅಂದ್ರೆ ನಮ್ಮ ಕಡೆ ಹೆಂಗಸರಿಗೆ ಕೈತುಂಬ ಕೆಲಸ. ಆಶ್ವೀಜ, ಕಾರ್ತಿಕ ಎರಡು ತಿಂಗಳು ಶರದೃತು. ನವರಾತ್ರಿಗೆ ಅಟ್ಟದ ಸಾಮಾನು ಇಳಿಸೋದು, ದೀಪಾವಳಿಗೆ ಸುಣ್ಣ ಹಚ್ಚೋದು, ನೀರು ತುಂಬೋ ಹಬ್ಬಕ್ಕೆ ಹಂಡೆ ತಿಕ್ಕೋದು. ಇದನ್ನ ಬರೀ ಹಬ್ಬದ ಕೆಲಸ ಅಂತ ತಿಳ್ಕೊಂಡಿದೀವಿ. ಹಿಂದಿನವರಿಗೆ ಇದು ಮನೆ ತಪಾಸಣೆನೂ ಆಗಿತ್ತು.

ಮಲೆನಾಡಿನ ಹಳೇ ಮನೆ ಅಂದ್ರೆ ಮಣ್ಣಿನ ಗೋಡೆ, ಮೇಲೆ ಅಡಿಕೆ ಸೋಗೆ, ಇಲ್ಲಾಂದ್ರೆ ಹುಲ್ಲು. ಮಳೆಗೆ ಮುಂಚೆ ಸೋಗೆ ಹೊದಿಸಿದ್ರೆ, ಮಳೆ ಬಿಟ್ಟ ಮೇಲೆ ಗೋಡೆ ಸರದಿ. ನಾಕು ತಿಂಗಳು ನೀರು ಕುಡಿದ ಗೋಡೆಗೆ ಕೆಮ್ಮಣ್ಣು ಬಳಿಯೋವಾಗ ಎಲ್ಲಿ ಬಿರುಕು, ಎಲ್ಲಿ ಇಲಿ ಬಿಲ, ಎಲ್ಲಿ ಒರಲೆ ಹತ್ತಿದೆ ಅನ್ನೋದು ಬಳಿಯೋ ಕೈಗೇ ಗೊತ್ತಾಗ್ತಿತ್ತು. 1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ರು. ಆಮೇಲೆ ನಿಧಾನಕ್ಕೆ ಘಟ್ಟದ ಮೇಲೂ ಹೆಂಚು ಬಂತು, ಬೆಂಕಿ ಭಯ ಕಮ್ಮಿ ಆಯ್ತು. ಆದ್ರೂ ಹೆಂಚಿನ ಕೆಳಗಿನ ಪಕಾಸು, ರೀಪು ಮರದ್ದೇ ಅಲ್ವಾ?

ಸೋಗೆ ಮನೆಗೆ ಬೆಂಕಿ ಬಿದ್ರೆ ಎಂತ ಗತಿ? ಆಗ ಮುಯ್ಯಾಳೇ ಗತಿ. ಒಬ್ಬರು ಸೋಗೆ ಕೊಡ್ತಿದ್ರು, ಒಬ್ಬರು ಬಿದಿರು, ಉಳಿದವರು ಬಂದು ಕೆಲಸ ಮಾಡ್ತಿದ್ರು. ನಾಳೆ ಅವರ ಮನೆಗೆ ಇವರು ಹೋಗಬೇಕು. ಕಾಗದದಲ್ಲಿ ಬರೀದೇ ಇದ್ದ ವಿಮೆ ಅದು. ಮಣ್ಣು, ಮರ, ಸೋಗೆ ಎಲ್ಲ ಊರಲ್ಲೇ ಸಿಗ್ತಿದ್ದಕ್ಕೆ ಅದು ನಡೀತಿತ್ತು.

ರಾಜರ ಮನೇನೂ ಬೆಂಕಿಗೆ ಹೊರತಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಹೊತ್ತಲ್ಲೇ ಮೈಸೂರಿನ ಮರದ ಅರಮನೆ ಸುಟ್ಟು ಹೋಯ್ತು. ಆಗ ಆಡಳಿತ ನೋಡ್ತಿದ್ದೋರು ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಹೆನ್ರಿ ಇರ್ವಿನ್ ಅನ್ನೋ ವಾಸ್ತುಶಿಲ್ಪಿ ಕೈಲಿ ಕಲ್ಲು, ಎರಕದ ಕಬ್ಬಿಣದ ಕಂಬ ಹಾಕ್ಸಿ ಹೊಸ ಅರಮನೆ ಎಬ್ಬಿಸಿದ್ರು. ಮುಗಿದಿದ್ದು 1912ಕ್ಕೆ, ಖರ್ಚು ಸುಮಾರು 42 ಲಕ್ಷ. ಅರಮನೆ ಹಿಂದೆ ಬೊಕ್ಕಸ ಇತ್ತು. ನಮ್ಮ ನಿಮ್ಮಂಥೋರ ಹಿಂದೆ?

ಮೈಸೂರು ಸಂಸ್ಥಾನ 1891ರಲ್ಲೇ ಸರ್ಕಾರಿ ನೌಕರರಿಗೆ ವಿಮೆ ಶುರು ಮಾಡಿತ್ತು. ಈಗ ಸಂಬಳದಲ್ಲಿ ಕೆ.ಜಿ.ಐ.ಡಿ. ಅಂತ ಹಿಡೀತಾರಲ್ಲ, ಅದೇ ಇದು. ಆದ್ರೆ ಅದು ದುಡಿಯೋರ ಜೀವಕ್ಕೆ, ಮನೆಗಲ್ಲ. 1956ರಲ್ಲಿ ಬಂದ ಎಲ್.ಐ.ಸಿ.ನೂ ಜೀವಕ್ಕೇ. ಬೆಂಕಿ, ಕಳ್ಳತನ, ನೆರೆ ನೋಡ್ಕೊಳ್ಳೋ 107 ಕಂಪನಿಗಳನ್ನ ಸರ್ಕಾರ ವಹಿಸ್ಕೊಂಡು 1973ರ ಜನವರಿ 1ರಿಂದ ನಾಲ್ಕು ಕಂಪನಿ ಮಾಡ್ತು. ಆಗ್ಲೂ ಅದು ಅಂಗಡಿ, ಗೋದಾಮಿನವರ ವಿಷಯ ಅಂತ ನಾವು ಸುಮ್ನಿದ್ವಿ.

ಈ ನಡುವೆ ಮನೆಗಳೇ ಬದಲಾದ್ವು. 1948ರಲ್ಲಿ ಜೋಗದಲ್ಲಿ ಕರೆಂಟ್ ತಯಾರಿ ಶುರುವಾಯ್ತು, ಬುಡ್ಡಿ ದೀಪದ ಭಯ ಹೋಗಿ ವೈರಿನ ಭಯ ಬಂತು. ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂತು. ನೂರಡಿ ರಸ್ತೆ ಪಕ್ಕದ ಆರ್‌ಸಿಸಿ ಮನೆ ಬಿದ್ರೆ ಯಾವ ಮುಯ್ಯಾಳು ಕಟ್ಟಿಕೊಡ್ತಾರೆ? 2019ರ ಆಗಸ್ಟಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ಲು. 2021ರ ಜನವರಿ 21ರ ರಾತ್ರಿ ಹುಣಸೋಡಿನ ಸ್ಫೋಟಕ್ಕೆ ಊರೇ ನಡುಗ್ತು, ಭೂಕಂಪ ಅಂತ ಜನ ಹೊರಗೆ ಓಡಿ ಬಂದ್ರು, ಎಷ್ಟೋ ಮನೆ ಗೋಡೆ ಬಿರುಕು ಬಿಟ್ವು.

ಅದಾಗಿ ಎರಡು ತಿಂಗಳಿಗೆ, 2021ರ ಏಪ್ರಿಲ್ 1ರಿಂದ, ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಅಂತ ಒಂದೇ ನಮೂನೆ ಪಾಲಿಸಿ ಕೊಡ್ಬೇಕು ಅಂತ ಆಯ್ತು. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಗುಡ್ಡ ಕುಸಿತ ಎಲ್ಲ ಇದರಲ್ಲಿದೆ. ಸೈಟಿನ ಬೆಲೆ ಲೆಕ್ಕಕ್ಕಿಲ್ಲ, ಮತ್ತೆ ಕಟ್ಟೋ ಖರ್ಚು ಮಾತ್ರ. ನನಗೆ ಮುಖ್ಯ ಅನ್ಸಿದ್ದು ಇನ್ನೊಂದು. ಕಟ್ಟಡಕ್ಕೆ ಮಾಡ್ಸಿದ್ರೆ ಮನೆ ಸಾಮಾನಿಗೂ ಆ ಮೊತ್ತದ ಶೇ. 20ರಷ್ಟು, 10 ಲಕ್ಷದ ತನಕ, ತಾನಾಗೇ ಸೇರುತ್ತೆ. ಪಾತ್ರೆ, ಮಿಕ್ಸಿ, ಫ್ರಿಜ್ಜು, ಬೀರು — ನಾವು ಒಂದೊಂದಾಗಿ ಕೂಡಿಟ್ಟಿದ್ದು ನೂರಾಮೂವತ್ತು ವರ್ಷ ಆದ್ಮೇಲಾದ್ರೂ ಲೆಕ್ಕಕ್ಕೆ ಬಂತು ಕಣ್ರೇ! ಚಿನ್ನ, ಬೆಳ್ಳಿಗೆ ಮಾತ್ರ ಬೇರೆ ಕೇಳಿ ಸೇರಿಸ್ಕೋಬೇಕು. ತಾನಾಗೇ ಬಿಟ್ಟ ಸಣ್ಣ ಬಿರುಕು, ಹಳೇ ಸೋರಿಕೆಗೆ ದುಡ್ಡು ಕೊಡೋಲ್ಲ. ಅದನ್ನ ನಾವೇ ನೋಡ್ಕೋಬೇಕು.

ಅದಕ್ಕೇ ಹಳೇ ಪದ್ಧತಿ ಬಿಡಬೇಡಿ. ಅಟ್ಟ ಗುಡಿಸೋವಾಗ ತಾರಸಿ ನೀರು ಹೋಗೋ ತೂತು ಕಟ್ಟಿದೆಯಾ, ಗೋಡೆ ತೇವ ಎಲ್ಲಿದೆ ನೋಡಿ. ತೇವದ ಗೋಡೆಲಿರೋ ಸ್ವಿಚ್ಚು ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗೂ ನೋಡ್ಸಿ. ಗ್ಯಾಸ್ ಪೈಪಿನ ಮೇಲೆ ಇಸವಿ ಇರುತ್ತೆ, ಐದು ವರ್ಷ ಆಗಿದ್ರೆ ಬದಲಾಯಿಸಿ. ಆಯುಧಪೂಜೆಗೆ ಸಾಮಾನೆಲ್ಲ ತೊಳೆದಿಟ್ಟಾಗ ಒಂದೊಂದಕ್ಕೂ ಫೋಟೋ ತೆಗೆದು, ಬಿಲ್ಲು, ಪಾಲಿಸಿ ಜೊತೆ ಮಕ್ಕಳ ಫೋನಿಗೂ ಕಳಿಸಿ. ಪಾಲಿಸಿ ಮುಗಿಯೋ ತಾರೀಖನ್ನ ಅಡುಗೆಮನೆ ಕ್ಯಾಲೆಂಡರಲ್ಲಿ ಗುರುತು ಹಾಕಿ.