ಎಲ್ಲೆ ದಾಟಿದ ಮದುವೆಯ ಚಪ್ಪರ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ಸ್ಥಳಗಳೂ ಇಂದು ಬೆಳಗಾವಿ ಜಿಲ್ಲೆಗೆ ಸೇರಿರುವುವು. ಆದರೆ ೧೯೩೦ರಲ್ಲಿ ಈ ಸೀಮೆಯ ನಡುವೆ ರಾಜ್ಯಗಳ ಎಲ್ಲೆ ಹಾದುಹೋಗಿದ್ದಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳು ಬ್ರಿಟಿಷರ ಮುಂಬಯಿ ಪ್ರಾಂತಕ್ಕೂ, ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೂ ಸೇರಿದ್ದುವು. ಕಾಗವಾಡಕ್ಕೆ ಸಮೀಪದ ಮಿರಜೆಯು ಬೇರೊಂದು ಸಂಸ್ಥಾನದ ರಾಜಧಾನಿಯಾಗಿದ್ದಿತು. ಭಾಷೆ, ಬಂಧುತ್ವ, ಸಂತೆ, ಜಾತ್ರೆಗಳಿಗೆ ಈ ಎಲ್ಲೆಗಳು ಅಡ್ಡಬರಲಿಲ್ಲ. ಕಾಯಿದೆಗೆ ಮಾತ್ರ ಅಡ್ಡಬಂದುವು. ಸ್ತ್ರೀಯರ ಹಕ್ಕುಗಳ ಚರಿತ್ರೆಯಲ್ಲಿ ಈ ಸಂಗತಿಗೆ ಎಷ್ಟು ಮಹತ್ತ್ವವುಂಟೆಂಬುದನ್ನು ವಿಚಾರಮಾಡೋಣ.

೧೮೯೧ರಲ್ಲಿ ಬಾಲಿಕೆಯರ ಸಮ್ಮತಿಯ ವಯಸ್ಸನ್ನು ೧೦ರಿಂದ ೧೨ಕ್ಕೆ ಏರಿಸುವ ಮಸೂದೆಯು ಕಲ್ಕತ್ತೆಯ ಶಾಸನಸಭೆಯ ಮುಂದೆ ಬಂದಿತು. ಪತಿಯ ಬಲಾತ್ಕಾರದಿಂದ ಮೃತಳಾದ ಫೂಲ್‌ಮಣಿ ದಾಸಿಯೆಂಬ ಬಾಲಿಕೆಯ ವೃತ್ತಾಂತವು ಇದಕ್ಕೆ ಒಂದು ಕಾರಣ. ವಂಗದೇಶದಲ್ಲಿಯೂ ಪುಣೆಯಲ್ಲಿಯೂ ಪ್ರಬಲವಾದ ವಿರೋಧವೆದ್ದಿತು. ಭಾಷೆಯೂ ಆಚಾರಗಳೂ ಬೇರೆಯಾಗಿದ್ದರೂ ಎರಡೆಡೆಯ ವಾದ ಒಂದೇ: ಪರಕೀಯರ ಸರಕಾರವು ನಮ್ಮ ಧರ್ಮದಲ್ಲಿ ಕೈಹಾಕಕೂಡದು. ಪತ್ರಿಕೆ, ಬಹಿರಂಗಸಭೆ, ಮನವಿಪತ್ರಗಳು ಆ ವಾದವನ್ನು ಪ್ರಾಂತದಿಂದ ಪ್ರಾಂತಕ್ಕೆ ಒಯ್ದುವು. ಹೆಣ್ಣುಮಕ್ಕಳ ವಿವಾಹ ೧೬ ವರ್ಷಕ್ಕೆ ಮೊದಲು ಆಗಬಾರದೆಂದು ೧೮೯೦ರಲ್ಲಿ ತಾವೇ ಸೂಚಿಸಿದ್ದ ಬಾಲಗಂಗಾಧರ ತಿಲಕರು ಕೂಡ, ಕಾಯಿದೆಯ ಮಾರ್ಗವನ್ನು ಕೇಸರಿಯಲ್ಲಿ ಖಂಡಿಸಿದರು. ಆದರೆ ಮೂರು ವರ್ಷಗಳ ತರುವಾಯ, ೧೮೯೪ರಲ್ಲಿ, ಸ್ವದೇಶೀಯ ಪ್ರಭುವಿನ ಮೈಸೂರು ಸರಕಾರವೇ ೮ ವರ್ಷದೊಳಗಿನ ಬಾಲಿಕೆಯರ ವಿವಾಹವನ್ನು ನಿಷೇಧಿಸಿದಾಗ, ಅಲ್ಲಿಯೂ ಶಾಸ್ತ್ರದ ಹೆಸರಿನಲ್ಲಿ ಆಕ್ಷೇಪಣೆ ಬಾರದೆ ಇರಲಿಲ್ಲ. ಪರಕೀಯತೆಯೊಂದೇ ವಿರೋಧದ ಮೂಲವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಹರವಿಲಾಸ ಶಾರದಾ ಅವರ ಮಸೂದೆ ೧೯೨೯ರಲ್ಲಿ ಅಂಗೀಕೃತವಾಗಿ, ೧೯೩೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ವಧುವಿಗೆ ೧೪, ವರನಿಗೆ ೧೮ ವರ್ಷ ತುಂಬಿರಬೇಕೆಂದು ಅದು ವಿಧಿಸಿತು. ಸನಾತನಿಗಳಾದ ಹಿಂದೂಗಳೂ, ಮೌಲಾನಾ ಮಹಮ್ಮದಾಲಿಯವರೇ ಮೊದಲಾದ ಮುಸ್ಲಿಂ ಮುಖಂಡರೂ ಇದನ್ನು ವಿರೋಧಿಸಿದರು. ಬೇರೆ ವಿಷಯಗಳಲ್ಲಿ ಒಮ್ಮತವಿಲ್ಲದವರು ಈ ವಿಷಯದಲ್ಲಿ ಒಂದೇ ಮಾತನ್ನಾಡಿದರು. ಏಪ್ರಿಲ್ ಬರುವುದಕ್ಕೆ ಮುಂಚೆಯೇ ದೇಶಾದ್ಯಂತ ಅಸಂಖ್ಯ ಬಾಲ್ಯವಿವಾಹಗಳು ಅವಸರದಿಂದ ನಡೆದುಹೋದುವು. ಆಮೇಲೆ ಕೆಲವರು ಸಂಸ್ಥಾನಗಳ ಎಲ್ಲೆಯೊಳಗೆ ಹೋಗಿ ಮದುವೆಯ ಚಪ್ಪರ ಹಾಕತೊಡಗಿದರು. ಕಾಯಿದೆಯಾದರೋ ದುರ್ಬಲ: ದೂರು ಕೊಡುವವನೇ ಸಾಮಾನ್ಯವಾಗಿ ನೂರು ರೂಪಾಯಿವರೆಗಿನ ಜಾಮೀನು ಬರೆದುಕೊಡಬೇಕಾಗಿದ್ದಿತು; ಶಿಕ್ಷೆಯಾದರೂ ಮದುವೆ ಅಸಿಂಧುವಾಗುತ್ತಿರಲಿಲ್ಲ. ಚಿಕ್ಕೋಡಿಯ ಬಾಲಿಕೆಗೆ ದೊರೆತ ಈ ಅಲ್ಪ ರಕ್ಷಣೆಯೂ ರಾಯಬಾಗದ ಎಲ್ಲೆಯಲ್ಲಿ ಮುಗಿಯುತ್ತಿದ್ದಿತು. ಬ್ರಿಟಿಷ್ ಪ್ರಜೆಗಳು ಸಂಸ್ಥಾನಗಳಿಗೆ ಹೋದರೂ ಕಾಯಿದೆಗೆ ಒಳಪಡುವಂತೆ ೧೯೩೮ರಲ್ಲಿ ತಿದ್ದುಪಡಿಯಾಯಿತು. ಕಾಯಿದೆಯೂ ಎಲ್ಲೆ ದಾಟುವುದನ್ನು ಕಲಿಯಬೇಕಾಯಿತು.

ಹಾಗೆಂದು ಸಂಸ್ಥಾನಗಳೆಲ್ಲ ಹಿಂದುಳಿದವೆಂದು ಭಾವಿಸಲಾಗದು. ಕೊಲ್ಲಾಪುರದ ಶಾಹು ಮಹಾರಾಜರು ೧೯೨೦ರಲ್ಲಿಯೇ ದೇವದಾಸೀ ಪದ್ಧತಿಯ ವಿರುದ್ಧ ಕಾಯಿದೆ ಮಾಡಿದರು. ಮುಂಬಯಿ ಪ್ರಾಂತಕ್ಕೆ ಅಂತಹುದು ಬಂದುದು ೧೯೩೪ರಲ್ಲಿ. ಈ ವಿಷಯದಲ್ಲಿ ರಾಯಬಾಗವೇ ಅಥಣಿಗಿಂತ ೧೪ ವರ್ಷ ಮುಂದಿದ್ದಿತು.

೧೯೪೯ರಲ್ಲಿ ಕೊಲ್ಲಾಪುರವು ಮುಂಬಯಿಯಲ್ಲಿ ವಿಲೀನವಾಯಿತು. ಈ ಎಲ್ಲೆ ಅಳಿಯಿತು. ಆದರೆ ಆ ರೀತಿಯ ಕೂಟಗಳು ಅಳಿಯಲಿಲ್ಲ. ೧೯೯೪ರಲ್ಲಿ ಕೈರೋ ನಗರದಲ್ಲಿ ವಿಶ್ವಸಂಸ್ಥೆಯು ಜನಸಂಖ್ಯೆಯನ್ನು ಕುರಿತು ನಡೆಸಿದ ಸಮ್ಮೇಳನದಲ್ಲಿ, ವ್ಯಾಟಿಕನ್ನೂ ಕೆಲವು ಮುಸ್ಲಿಂ ರಾಷ್ಟ್ರಗಳೂ ಸ್ತ್ರೀಯರ ಸಂತಾನ ಸಂಬಂಧವಾದ ಹಕ್ಕುಗಳಿಗೆ ಜತೆಯಾಗಿಯೇ ಆಕ್ಷೇಪವೆತ್ತಿದುವು. ಮತ ಬೇರೆ, ದೇಶ ಬೇರೆ, ವಾದ ಒಂದು. ಪ್ರತಿಯೊಂದು ಸಮಾಜವೂ ತನ್ನ ಪರಂಪರೆಯನ್ನು ಕಾಪಾಡಿಕೊಳ್ಳಲು ಬಯಸುವುದು ಸಹಜವೇ ಸರಿ. ಆದರೆ ಪರಂಪರೆಯ ಹೆಸರಿನಲ್ಲಿ ಮಾತನಾಡುವವರು ಯಾರು, ಅದರ ಭಾರವನ್ನು ಹೊರುವವರು ಯಾರು ಎಂದು ಕೇಳುವುದು ನ್ಯಾಯ. ಎಲ್ಲೆಯಾಚೆಯ ಆ ಚಪ್ಪರಗಳಲ್ಲಿ ಕುಳಿತ ಬಾಲಿಕೆಯರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.