ವೃದ್ಧರ ಶುಶ್ರೂಷಾ ಸಂಘಗಳ ವಾರ್ಷಿಕ ಸರ್ವಸದಸ್ಯರ ಸಭೆ: ದಾವಣಗೆರೆ ಮತ್ತು ಹರಿಹರದ ಸದಸ್ಯರಿಗೆ ಮಾಹಿತಿ

ಪೀಠಿಕೆ

ವಯೋವೃದ್ಧರ ಆರೈಕೆಯನ್ನು ಧ್ಯೇಯವಾಗಿಟ್ಟುಕೊಂಡು ಶುಶ್ರೂಷಕರು ಹಾಗೂ ಸೇವಾಸಕ್ತರು ರಚಿಸಿಕೊಳ್ಳುವ ಸಂಘಗಳು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಣಿ ಪಡೆಯಬಹುದಾಗಿದೆ. ಇದಕ್ಕೆ ಕನಿಷ್ಠ 7 ಸದಸ್ಯರು ಇರತಕ್ಕದ್ದು. ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳು 1997ರ ಆಗಸ್ಟ್ 15ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಆದ್ದರಿಂದ ಅದಕ್ಕೂ ಮೊದಲು ನೋಂದಣಿಯಾದ ಸಂಘಗಳು ಪತ್ರವ್ಯವಹಾರದಲ್ಲಿ ಮೂಲ ನೋಂದಣಿ ಸಂಖ್ಯೆ ಮತ್ತು ವರ್ಷವನ್ನು ನಮೂದಿಸುವುದು ಸೂಕ್ತ.

ಸಭೆಯ ಮಹತ್ವ

ಹಾಸಿಗೆ ಹಿಡಿದಿರುವ ವೃದ್ಧರು ಸಂಘದ ಲೆಕ್ಕ ಕೇಳಲು ಬರಲಾರರು. ಅವರ ಹೆಸರಿನಲ್ಲಿ ಸಂಗ್ರಹವಾದ ದೇಣಿಗೆ ಎಷ್ಟು, ಔಷಧಿಗೆ ವೆಚ್ಚವಾದದ್ದು ಎಷ್ಟು, ಮನೆಗೆ ಬರುವ ಶುಶ್ರೂಷಕರು ಅರ್ಹರೇ ಎಂಬ ಪ್ರಶ್ನೆಗಳನ್ನು ಅವರ ಪರವಾಗಿ ಕೇಳುವ ಹೊಣೆ ಸದಸ್ಯರದ್ದು. ವಾರ್ಷಿಕ ಸಭೆಯು ಅದಕ್ಕೆಂದೇ ಇರುವ ಪ್ರಮುಖ ವೇದಿಕೆ. ಚಹಾ, ಸನ್ಮಾನ, ಭಾಷಣಗಳಲ್ಲೇ ಸಮಯ ಮುಗಿದು ಲೆಕ್ಕಪತ್ರವು ಚರ್ಚೆಯಿಲ್ಲದೆ ಅಂಗೀಕಾರವಾದರೆ ಸಭೆಯ ಉದ್ದೇಶವೇ ಈಡೇರುವುದಿಲ್ಲ.

ಕಾಲಮಿತಿ

* ನೋಂದಣಿಯಾದ 18 ತಿಂಗಳೊಳಗೆ ಮೊದಲ ವಾರ್ಷಿಕ ಸಭೆ ನಡೆಸತಕ್ಕದ್ದು.
* ಆನಂತರ ಪ್ರತಿ ವರ್ಷ ಒಂದು ವಾರ್ಷಿಕ ಸಭೆ ಕಡ್ಡಾಯ. ಎರಡು ಸಭೆಗಳ ನಡುವಿನ ಅಂತರ 15 ತಿಂಗಳನ್ನು ಮೀರಬಾರದು.
* ಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿ ಸದಸ್ಯರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ಅಢಾವೆ ಪತ್ರಿಕೆ ಹಾಗೂ ಲೆಕ್ಕಪರಿಶೋಧನಾ ವರದಿಯ ಪ್ರತಿಯೊಂದಿಗೆ ನೋಂದಣಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು.

ಉದಾಹರಣೆ: ದಿನಾಂಕ 29-06-2025ರಂದು ಸಭೆ ನಡೆದಿದ್ದಲ್ಲಿ ದಾಖಲೆ ಸಲ್ಲಿಸಲು ಕೊನೆಯ ದಿನ 13-07-2025. ಮುಂದಿನ ಸಭೆಯನ್ನು 29-09-2026ರೊಳಗೆ ನಡೆಸಬೇಕಾಗುತ್ತದೆ.

ಸಭೆಯ ಮುಂದಿಡಬೇಕಾದ ವಿಷಯಗಳು

ಹಿಂದಿನ ಸಭೆಯ ನಡವಳಿ, ವಾರ್ಷಿಕ ವರದಿ, ಪರಿಶೋಧಿತ ಜಮಾ-ಖರ್ಚು, ಅಢಾವೆ ಪತ್ರಿಕೆ, ಮುಂದಿನ ವರ್ಷದ ಆಯವ್ಯಯ ಅಂದಾಜು ಮತ್ತು ಅವಧಿ ಮುಗಿದಿದ್ದಲ್ಲಿ ಆಡಳಿತ ಮಂಡಳಿಯ ಚುನಾವಣೆ ಇವು ಸಾಮಾನ್ಯ ವಿಷಯಗಳು. ಶುಶ್ರೂಷಾ ಸಂಘಗಳು ಇವುಗಳ ಜೊತೆಗೆ ಈ ಕೆಳಗಿನ ಮಾಹಿತಿಯನ್ನೂ ಮಂಡಿಸುವುದು ಅಪೇಕ್ಷಣೀಯ.

1. ಸೇವೆಗೆ ಕಳುಹಿಸಲಾದ ಶುಶ್ರೂಷಕರ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಯ ವಿವರ. ತರಬೇತಿ ಪಡೆದ ಶುಶ್ರೂಷಕರು ಮತ್ತು ಕೇವಲ ಆರೈಕೆಗೆ ನೇಮಕಗೊಂಡ ಸಹಾಯಕರ ಪಟ್ಟಿ ಪ್ರತ್ಯೇಕವಾಗಿರಬೇಕು. ಚುಚ್ಚುಮದ್ದು ನೀಡುವುದು ಸಹಾಯಕರ ಕೆಲಸವಲ್ಲ.
2. ವೃದ್ಧರ ಕುಟುಂಬಗಳಿಂದ ಪಡೆದ ಶುಲ್ಕ ಹಾಗೂ ನೀಡಿದ ರಸೀದಿಗಳ ತಾಳೆ.
3. ಸ್ವೀಕೃತವಾದ ದೂರುಗಳು ಮತ್ತು ಕೈಗೊಂಡ ಕ್ರಮ.

ಸ್ಥಳ ಮತ್ತು ಸಮಯ

ದಾವಣಗೆರೆ ಮತ್ತು ಹರಿಹರದ ನಡುವಿನ ಅಂತರ ಸುಮಾರು 14 ಕಿ.ಮೀ. ಮಾತ್ರ. ಆದರೂ ರಾತ್ರಿ ಪಾಳಿ ಮುಗಿಸಿದ ಶುಶ್ರೂಷಕರಿಗೆ ಬೆಳಗಿನ ಸಭೆಯೂ, ಮಧ್ಯಾಹ್ನದ ಪಾಳಿಯವರಿಗೆ ಸಂಜೆಯ ಸಭೆಯೂ ಅನುಕೂಲವಾಗದು. ಪ್ರತಿ ಬಾರಿಯೂ ಜಿಲ್ಲಾ ಕೇಂದ್ರದಲ್ಲೇ ಸಭೆ ಕರೆದರೆ ಹರಿಹರದ ಸದಸ್ಯರ ಹಾಜರಾತಿ ಕಡಿಮೆಯಾಗಿ ಕೋರಂ ಕೊರತೆ ಉಂಟಾಗಬಹುದು. ಒಂದು ವರ್ಷ ದಾವಣಗೆರೆ, ಮರುವರ್ಷ ಹರಿಹರ ಎಂಬ ಕ್ರಮವನ್ನು ಅನುಸರಿಸಬಹುದು. ಸೂಚನಾ ಪತ್ರದ ಅವಧಿ ಮತ್ತು ಕೋರಂ ಸಂಖ್ಯೆಗೆ ಸಂಘದ ಬೈಲಾವನ್ನು ನೋಡತಕ್ಕದ್ದು.

ಸಭೆ ಕರೆಯದಿದ್ದಲ್ಲಿ

ಸದಸ್ಯರು ಮೊದಲು ಅಧ್ಯಕ್ಷರು ಮತ್ತು ಕಾರ್ಯದರ್ಶಿಯವರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಒಳ್ಳೆಯದು. ಅಧಿನಿಯಮದ 25ನೇ ಪ್ರಕರಣದ ಮೇರೆಗೆ ಸಂಘದ ಮೂರನೇ ಒಂದರಷ್ಟು ಸದಸ್ಯರು ಅಥವಾ ಆಡಳಿತ ಮಂಡಳಿಯ ಬಹುಮತದ ಸದಸ್ಯರು ಅರ್ಜಿ ಸಲ್ಲಿಸಿದಲ್ಲಿ ನೋಂದಣಾಧಿಕಾರಿಗಳು ಸಂಘದ ವ್ಯವಹಾರದ ಬಗ್ಗೆ ವಿಚಾರಣೆ ನಡೆಸುತ್ತಾರೆ. ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸುವ ಅಧಿಕಾರವೂ ಅವರಿಗಿದೆ.

ವೃದ್ಧರ ಹಕ್ಕು ಮತ್ತು ಸಂಘದ ಪಾತ್ರ

ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ, 2007ರಂತೆ 60 ವರ್ಷ ತುಂಬಿದವರು ಹಿರಿಯ ನಾಗರಿಕರು. ಸ್ವತಃ ಅರ್ಜಿ ಸಲ್ಲಿಸಲು ಅಶಕ್ತರಾದವರ ಪರವಾಗಿ, ಅವರಿಂದ ಅಧಿಕಾರ ಪಡೆದ ನೋಂದಾಯಿತ ಸ್ವಯಂಸೇವಾ ಸಂಘವು ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಹೀಗೆ ಮತ್ತೊಬ್ಬರ ಪರವಾಗಿ ನಿಲ್ಲುವ ಸಂಘದ ನಡವಳಿ ಪುಸ್ತಕ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಕ್ರಮಬದ್ಧವಾಗಿರುವುದು ಅತ್ಯವಶ್ಯ. ಮಕ್ಕಳಿಂದ ಉಪೇಕ್ಷಿತರಾದ ವೃದ್ಧರಿಗೆ ಸಂಘವೇ ಕೊನೆಯ ಆಸರೆಯಾಗಿರುವ ಸಂದರ್ಭಗಳಿರುತ್ತವೆ ಎಂಬುದನ್ನು ಪದಾಧಿಕಾರಿಗಳು ಗಮನದಲ್ಲಿರಿಸಿಕೊಳ್ಳಬೇಕು.

ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ: 14567. ಸಂಘಗಳ ನೋಂದಣಿ ಮತ್ತು ವಾರ್ಷಿಕ ದಾಖಲೆಗಳ ಕುರಿತ ಹೆಚ್ಚಿನ ಮಾಹಿತಿಗೆ ದಾವಣಗೆರೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.